ನಾರಿನ ಬಲೆ ಎಲ್ಲಿಂದ ಹರಿಯುತ್ತದೆ? ಮೂರು ಮಾಡೆಲ್ ಓಡಿಸಿ ನೋಡಿದೆ

ಕಳೆದ ವರ್ಷ ಮನೆ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿಗೆ, ತೆಂಗಿನ ನಾರಿನ ಬಲೆ ಹಾಸಿದ್ದೆವು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಜಾರಿದ್ದನ್ನು ನೋಡಿದ ಮೇಲೆ ಬರೆಯನ್ನು ಸುಮ್ನೆ ಬಿಡಲು ಮನಸ್ಸಾಗುವುದಿಲ್ಲ. ಜುಲೈ ಮಳೆಗೆ ಬಲೆ ಕಳಚಿ ಕೆಳಗೆ ಬಂತು. ನಾರು ಕೊಳೆತಿರಲಿಲ್ಲ. ಮೇಲಿನ ಸಾಲಿನ ಗೂಟದ ಹತ್ತಿರ ಒಂದು ಅಡ್ಡ ಹುರಿ ತುಂಡಾಗಿತ್ತು, ಆಮೇಲೆ ಅದರ ಮೇಲಿನದು, ಹೀಗೆ ಅಂಚಿನವರೆಗೂ ಸೀಳಿತ್ತು. ಉಳಿದದ್ದೆಲ್ಲ ಹೊಸದರ ಹಾಗೇ ಇತ್ತು.

ನಾನು ಓದಿದ್ದು ಸಿವಿಲ್. ಇನ್ನೊಂದು ಬಲೆ ತರುವ ಮೊದಲು ಅದು ಎಲ್ಲಿ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಈಗಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಬೀಮ್ ಲ್ಯಾಟಿಸ್, ಅಂದರೆ ಪ್ರತಿ ಹುರಿ ತುಂಡನ್ನೂ ಬಾಗಬಲ್ಲ ಸಣ್ಣ ತೊಲೆ ಅಂದುಕೊಳ್ಳುವ ಮಾಡೆಲ್.

ಮೊದಲು ಓಡಿಸಿದ್ದು ಮಾಮೂಲಿ ಫೈನೈಟ್ ಎಲಿಮೆಂಟ್, ಅಂದರೆ ಬಲೆಯನ್ನು ಒಂದೇ ಹಾಳೆ ಅಂದುಕೊಂಡು, ಆ ಹಾಳೆಯನ್ನು ಸಣ್ಣ ಸಣ್ಣ ತುಂಡುಗಳಾಗಿ (ಇದೇ ಮೆಶ್) ಲೆಕ್ಕ ಹಾಕುವುದು. ಒಟ್ಟು ಬಲೆ ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಇದೇ ಸಾಕು. ಆದರೆ ಗೂಟ ಇರುವ ಬಿಂದುವಿನಲ್ಲಿ ಮೆಶ್ ಸಣ್ಣ ಮಾಡಿದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ. ಯಾವ ಅಂಕಿಯನ್ನು ನಂಬುವುದು? ನಿಜವಾದ ಬಲೆಯಲ್ಲಿ ಹುರಿಗೂ ಹುರಿಗೂ ನಡುವೆ ಇಷ್ಟು ಅಂತರ ಅಂತ ಇದೆ. ಹಾಳೆಗೆ ಅದು ಗೊತ್ತೇ ಇಲ್ಲ.

ಎರಡನೆಯದು ಸ್ಪ್ರಿಂಗ್ ಲ್ಯಾಟಿಸ್. ಪ್ರತಿ ಹುರಿ ತುಂಡಿಗೆ ಒಂದು ಸ್ಪ್ರಿಂಗ್, ಹುರಿಗಳು ಸೇರುವಲ್ಲಿ ಒಂದು ಗಂಟು. ಬರೆಯಲು ಅರ್ಧ ದಿನ ಸಾಕಾಯಿತು, ಆದರೆ ಒಂದು ವಾರ ಸತಾಯಿಸಿದ್ದೂ ಇದೇ. ಪ್ರತಿ ಸಲವೂ ಮ್ಯಾಟ್ರಿಕ್ಸ್ ಸಿಂಗುಲರ್, ಅಂದರೆ ಸಮೀಕರಣಗಳಿಗೆ ಒಂದೇ ಖಚಿತ ಉತ್ತರ ಇಲ್ಲ ಎಂದು ನಿಂತುಬಿಡುತ್ತಿತ್ತು. ಕೋಡ್ ತಪ್ಪಿರಬೇಕು ಅಂದುಕೊಂಡು ಸಾಲು ಸಾಲೇ ತಿದ್ದಿದೆ. ಮಳೆಗೆ ಕರೆಂಟ್ ಹೋದಾಗ ಟಾರ್ಚ್ ಬೆಳಕಲ್ಲಿ ಪೇಪರ್ ಮೇಲೆ ನಾಲ್ಕು ಚೌಕ ಬರೆದು ನೋಡಿದೆ. ಆಗ ಗೊತ್ತಾಯಿತು.

ಚೌಕವನ್ನು ಪಕ್ಕಕ್ಕೆ ತಳ್ಳಿದರೆ ಓರೆಯಾಗಿ ವಾಲುತ್ತದೆ, ಆದರೆ ನಾಲ್ಕು ಬದಿಯಲ್ಲಿ ಯಾವುದೂ ಹಿಗ್ಗುವುದಿಲ್ಲ. ಹಿಗ್ಗದಿದ್ದರೆ ಸ್ಪ್ರಿಂಗ್ ಎದುರು ನಿಲ್ಲುವುದೇ ಇಲ್ಲ, ಅಲ್ವಾ? ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1864ರಲ್ಲೇ ಈ ಎಣಿಕೆ ಹೇಳಿದ್ದಾರೆ: ಸಮತಲದ ಚೌಕಟ್ಟು ಗಟ್ಟಿಯಾಗಿ ನಿಲ್ಲಲು ಗಂಟಿಗೆ ಸರಾಸರಿ 4 ಕೊಂಡಿಯಾದರೂ ಬೇಕು. ನನ್ನ ಬಲೆಯ ಒಳಗಿನ ಗಂಟಿಗೆ ಸರಿಯಾಗಿ 4, ಅಂಚಿನಲ್ಲಿ 3, ಮೂಲೆಯಲ್ಲಿ 2, ಅಂದರೆ ಸರಾಸರಿ 4ಕ್ಕಿಂತ ಕಡಿಮೆ. ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಸ್ಪ್ರಿಂಗ್ ಸೇರಿಸಿದರೆ ಲೆಕ್ಕ ಓಡುತ್ತದೆ. ಆದರೆ ಬಲೆಯಲ್ಲಿ ಇಲ್ಲದ ಹುರಿ ಭಾರ ಹೊತ್ತುಬಿಡುತ್ತದೆ. ಅದಕ್ಕೆ ಮನಸ್ಸು ಒಪ್ಪಲಿಲ್ಲ.

ಬೀಮ್ ಲ್ಯಾಟಿಸ್‌ನಲ್ಲಿ ಹುರಿ ಬಾಗಲು ಕೂಡ ಸ್ವಲ್ಪ ಬಲ ಬೇಡುತ್ತದೆ, ಆ ಸ್ವಲ್ಪವೇ ಸಾಕು. ಎಷ್ಟು ಅಂತ ತಿಳಿಯಲು ಒಂದು ಗೇಣು ಹುರಿಯನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ, ತುದಿ ಎಷ್ಟು ಇಳಿಯುತ್ತದೆ ಎಂದು ಸ್ಕೇಲಿನಲ್ಲಿ ಅಳೆದೆ. ಒಂದು ಹುರಿ ತುಂಡಾದರೆ ಅದನ್ನು ತೆಗೆದು ಮತ್ತೆ ಲೆಕ್ಕ. ನಮ್ಮ ಬರೆಯಲ್ಲಿ ಆದ ಹಾಗೇ ಸೀಳು ಗೂಟದಿಂದ ಮೇಲಕ್ಕೆ ಹೋಯಿತು!

ತೊಂದರೆ ಸಮಯದ್ದು. 2 ಮೀಟರ್ ಅಗಲ, 10 ಮೀಟರ್ ಉದ್ದ, 2.5 ಸೆಂಟಿಮೀಟರ್ ಕಣ್ಣು ಅಂದರೆ 32,000ಕ್ಕೂ ಜಾಸ್ತಿ ಗಂಟು. ನನ್ನ ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಬೇಕು, ನಮ್ಮಲ್ಲಿ ಮಳೆಗಾಲದ ಕರೆಂಟ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಇದಕ್ಕೆ ಕೈಹಿಡಿದದ್ದು ಕ್ವಾಸಿಕಂಟಿನ್ಯೂಯಮ್. ಟ್ಯಾಡ್ಮೋರ್, ಆರ್ಟಿಜ್, ಫಿಲಿಪ್ಸ್ ಎಂಬ ಸಂಶೋಧಕರು 1996ರಲ್ಲಿ ಲೋಹದ ಪರಮಾಣುಗಳಿಗಾಗಿ ಮಾಡಿದ ಉಪಾಯ ಇದು, ಆಮೇಲೆ ನಾರಿನ ಜಾಲಗಳಿಗೂ ಬಂತು. ಗೂಟದ ಸುತ್ತ ಒಂದಡಿ ಪ್ರತಿ ಹುರಿಯೂ ಲೆಕ್ಕಕ್ಕೆ ಬರುತ್ತದೆ. ದೂರದಲ್ಲಿ ದೊಡ್ಡ ತ್ರಿಕೋನ, ಅದರ ಮೂಲೆಯ ಗಂಟುಗಳು ಹೇಗೆ ಸರಿದರೆ ಒಳಗಿನವೂ ಹಾಗೇ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ. ತ್ರಿಕೋನವನ್ನು ಗೂಟಕ್ಕೆ ತೀರಾ ಹತ್ತಿರ ತಂದರೆ ಮಾತ್ರ ಬಲೆ ಇರುವುದಕ್ಕಿಂತ ಗಟ್ಟಿ ಕಾಣುತ್ತದೆ.

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ನನಗಿಲ್ಲ, ಎಲ್ಲವೂ ಪೈಥಾನ್‌ನಲ್ಲೇ ಆಯಿತು. ಇಡೀ ಬಲೆಯ ಹಿಗ್ಗುವಿಕೆ ಮಾತ್ರ ಬೇಕಿದ್ದವರಿಗೆ ಹಾಳೆ ಸಾಕು. ಹರಿಯುವ ಜಾಗ ಬೇಕಿದ್ದರೆ ಬೀಮ್ ಲ್ಯಾಟಿಸ್.

ಈ ಸಲ ಗೂಟವನ್ನು ನೇರ ಹುರಿಗೆ ಸಿಕ್ಕಿಸಿಲ್ಲ. ಮೇಲಿನ ಸಾಲಿನ ಕಣ್ಣುಗಳಲ್ಲಿ ಉದ್ದಕ್ಕೂ ಬಿದಿರು ಪೋಣಿಸಿ, ಆ ಬಿದಿರನ್ನು ಗೂಟಕ್ಕೆ ಕಟ್ಟಿದ್ದೇವೆ.