ನಮ್ಮ ಜಿಐ ಕಣಜಕ್ಕೆ ಏಳು ವರ್ಷ: ಮೈ ಗಟ್ಟಿ, ಬಾಯಿಗೆ ಮಾತ್ರ ತುಕ್ಕು

ನಮ್ಮದು ಅರಸೀಕೆರೆ ಕಡೆ ಹಳ್ಳಿ, ಮನೆಗೆ ರಾಗಿಯೇ ಆಧಾರ. 2018ರ ಜನವರಿಯಲ್ಲಿ 10 ಕ್ವಿಂಟಾಲ್ ಹಿಡಿಯುವ ಜಿಐ ತಗಡಿನ (ಕಬ್ಬಿಣದ ಮೇಲೆ ಸತು ಲೇಪಿಸಿದ ತಗಡು) ಕಣಜ ತಂದೆ. ತಂದಿದ್ದು ಇಲಿ ಕಾಟಕ್ಕೆ. ಅಲ್ಲಿವರೆಗೆ ಇದ್ದದ್ದು ಅಪ್ಪನ ಕಾಲದ ಬಿದಿರಿನ ಕಣಜ. ವರ್ಷಕ್ಕೊಮ್ಮೆ ಸಗಣಿ ಬಳಿಯಬೇಕು, ಬಳಿದು ತಿಂಗಳಾಗುವಷ್ಟರಲ್ಲಿ ಇಲಿ ತೂತು ಮಾಡಿರುತ್ತಿತ್ತು. ಗೇಜು, ಎತ್ತರ, ಅಗಲ ಎಲ್ಲಾ ಅಂಗಡಿಯಲ್ಲೇ ಹೇಳುತ್ತಾರೆ, ಬಿಡಿ. ಅಲ್ಲಿ ಹೇಳದ ಒಂದು ವಿಷಯಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಾಲ್ಕು ವರ್ಷ ನನಗೆ ಇದರ ಮೇಲೆ ಒಂದು ದೂರೂ ಇರಲಿಲ್ಲ. ವಾರಕ್ಕೊಮ್ಮೆ ಮಿಲ್ಲಿಗೆ ಹಿಟ್ಟು ಮಾಡಿಸಲು ಹೋಗುವ ಮುಂಚೆ ಅವ್ವ ಕೆಳಗಿನ ಬಾಯಿಗೆ ಮೊರ ಒಡ್ಡಿ ಕೂರುತ್ತಾಳೆ. ನಾನು ತಗಡಿನ ಬಾಗಿಲು ಎರಡು ಬೆರಳಷ್ಟು ಎತ್ತುತ್ತೇನೆ. ರಾಗಿ ಸರ್‍ರನೆ ಸುರಿಯುತ್ತದೆ, ನೀರು ಸುರಿದ ಹಾಗೆ. ಹಳೇ ಕಣಜದಲ್ಲಿ ಮೇಲಿಂದ ಬಗ್ಗಿ ಸೇರಿನಿಂದ ಮೊಗೆಯಬೇಕಿತ್ತು, ಅವ್ವನ ಸೊಂಟ ಹಿಡಿಯುತ್ತಿತ್ತು. ಈಗ ಕೂತಲ್ಲೇ ಕೆಲಸ. ಆಮೇಲೆ ಬೆರಳಿನ ಗೆಣ್ಣಿಂದ ಕಣಜದ ಮೈ ಕುಟ್ಟುತ್ತಾ ಮೇಲಿಂದ ಕೆಳಗೆ ಬರುತ್ತಾಳೆ. ಟಣ್ ಟಣ್ ಅನ್ನೋದು ದಪ್ ದಪ್ ಆದ ಕಡೆ ರಾಗಿ ಇದೆ ಅಂತ ಲೆಕ್ಕ. "ಯುಗಾದಿ ಮುಗಿದು ಇನ್ನೂ ನಾಕು ತಿಂಗಳು ಬತ್ತದೆ ಕಣ್ಲಾ" ಅಂತಾಳೆ. ಬಹುತೇಕ ಸರಿಯಾಗಿಯೇ ಇರುತ್ತದೆ.

2022ರ ಮಳೆಗಾಲದಲ್ಲಿ ರಾಗಿ ಕೇರುವಾಗ ಹೊಟ್ಟಿನ ಜೊತೆ ಕೆಂಪಗೆ ತೆಳ್ಳನೆ ಚಕ್ಕೆ ಬಂತು. ರಾಗಿ ಬಣ್ಣ, ತುಕ್ಕಿನ ಬಣ್ಣ ಎರಡೂ ಒಂದೇ ಥರ ಅಲ್ವಾ, ಅದಕ್ಕೇ ಎಷ್ಟು ದಿನದಿಂದ ಬೀಳುತ್ತಿತ್ತೋ ಗೊತ್ತಾಗಿರಲಿಲ್ಲ. ಬಾಯಿ ಹತ್ತಿರ ಬ್ಯಾಟರಿ ಬಿಟ್ಟು ನೋಡಿದೆ. ಬಾಯಿಯ ಕೊಳವೆ ಮೈಗೆ ಸೇರುವ ಜಾಗದ ಸುತ್ತ ತಗಡು ಹಪ್ಪಳದ ಥರ ಎದ್ದಿತ್ತು. ಮೊಳೆಯಿಂದ ಕೆರೆದೆ. ಮೇಲಿನ ಬೆಳ್ಳಿ ಬಣ್ಣ ಸಿಪ್ಪೆಯಂತೆ ಬಿಟ್ಟುಕೊಂಡು ಬಂತು.

ಅದು ಸತುವಲ್ಲ, ಪೇಂಟು!

ಆಗ ಕೋಪ ಬಂದಿದ್ದು ನಿಜ. ಜಿಐ ತಗಡಿನ ಜೀವ ಇರೋದೇ ಮೇಲಿನ ಸತುವಿನ ಲೇಪದಲ್ಲಿ. ಸಣ್ಣ ಗೀರು ಬಿದ್ದರೂ ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬರೀ ಬಣ್ಣಕ್ಕೆ ಆ ಗುಣ ಇಲ್ಲ. ಆದರೆ ಸತು 420 ಡಿಗ್ರಿಗೇ ಕರಗುತ್ತದೆ, 907ಕ್ಕೆ ಕುದ್ದು ಆವಿಯಾಗುತ್ತದೆ. ವೆಲ್ಡಿಂಗ್ ಮಾಡುವಾಗ ಕಬ್ಬಿಣವೇ ಕರಗಬೇಕು, ಅಂದರೆ ಸುಮಾರು 1500 ಡಿಗ್ರಿ. ಆ ಬಿಸಿಗೆ ಸತು ಎಲ್ಲಿ ನಿಲ್ಲುತ್ತೆ? ಬಿಳಿ ಹೊಗೆಯಾಗಿ ಹೋಗುತ್ತದೆ. (ಆ ಹೊಗೆ ಕುಡಿದ ವೆಲ್ಡರ್‌ಗಳಿಗೆ ಅವತ್ತು ರಾತ್ರಿ ಚಳಿಜ್ವರ ಬರುತ್ತದೆ, ಪಾಪ.) ನನ್ನ ಕಣಜ ಮಾಡಿದವರು ಬಾಯಿಯನ್ನು ಬೆಸೆದು, ಸುಟ್ಟ ಜಾಗಕ್ಕೆ ಸಿಲ್ವರ್ ಪೇಂಟ್ ಬಳಿದು ಕೊಟ್ಟಿದ್ದರು. ನೋಡೋಕೆ ಥೇಟ್ ಜಿಐ. ಒಂದು ಗೇಣಿನಷ್ಟು ಜಾಗಕ್ಕೆ ಮೋಸ ಮಾಡಿ ಇಡೀ ಕಣಜಕ್ಕೆ ಹೆಸರು ಕೆಡಿಸಿದರು. ಹೋಗಿ ಕೇಳಿದರೆ, "ಎಲ್ಲರೂ ಹಂಗೇ ಮಾಡೋದು ಸಾರ್" ಅಂದರು.

ಕೋಪ ಇಳಿದ ಮೇಲೆ ಉಳಿದ ಮೈಯನ್ನೂ ನೋಡಿದೆ. ಅಲ್ಲಿ ನಾನು ಸ್ವಲ್ಪ ತಣ್ಣಗಾದೆ. ಹಿಂದುಗಡೆ ಒಂದು ಕಡೆ ಬಿಳಿ ಪುಡಿ ಎದ್ದು, ಮಧ್ಯೆ ಕೆಂಪು ಚುಕ್ಕೆ ಬಿದ್ದಿತ್ತು. ಅದು ಯಾರ ತಪ್ಪೂ ಅಲ್ಲ, ನನ್ನದೇ. ಒಂದು ಮಳೆಗಾಲ ಪೂರ್ತಿ ಪೊಟ್ಯಾಷ್ ಗೊಬ್ಬರದ ಮೂಟೆಯನ್ನು ಅದಕ್ಕೆ ಒರಗಿಸಿಟ್ಟಿದ್ದೆ. ಪೊಟ್ಯಾಷ್ ಅಂದರೆ ಒಂದು ಥರ ಉಪ್ಪೇ, ತೇವ ಎಳೆದುಕೊಂಡು ಸತುವನ್ನು ತಿನ್ನುತ್ತದೆ. ಬಾಯಿ ಹತ್ತಿರವೂ ನಮ್ಮ ಪಾಲು ಇತ್ತು ಅನ್ನಿ. ಅವ್ವ ಪ್ರತಿ ಸೋಮವಾರ ನೆಲ ಸಾರಿಸುವಾಗ ನೀರು ಸಿಡಿಯುತ್ತಿದ್ದದ್ದು ಅಲ್ಲಿಗೇ. ಗೊಬ್ಬರ, ನೀರು ಮುಟ್ಟದ ಜಾಗದಲ್ಲಿ ಏಳು ವರ್ಷಕ್ಕೂ ಒಂದು ಚುಕ್ಕೆ ಇಲ್ಲ. ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದೆ, ಅಷ್ಟೇ. ಅದು ತುಕ್ಕಲ್ಲ, ಹಳೇ ಸತು ಹಾಗೇ ಇರೋದು. ಅಡಿಭಾಗವೂ ಚೆನ್ನಾಗಿದೆ. ಹೊಸ ಸಿಮೆಂಟಿನ ತೇವ ಸತುವಿಗೆ ಆಗುವುದಿಲ್ಲ ಅಂತ ಪಕ್ಕದ ಮನೆಯ ದೊಡ್ಡಪ್ಪ ಮೊದಲೇ ಹೇಳಿದ್ದರು, ಹಲಗೆ ಮೇಲೆ ಕೂರಿಸಿದ್ದೆ.

ರಿಪೇರಿಗೆ ಬೆಸುಗೆಯ ಬಾಯಿಯನ್ನು ಕತ್ತರಿಸಿ ತೆಗೆಸಿದೆ. ಅದೇ ಜಾಗಕ್ಕೆ ಜಿಐ ತಗಡನ್ನೇ ಮಡಿಸಿ, ರಿವೆಟ್ ಹೊಡೆಸಿದೆ. 900 ರೂಪಾಯಿ ಆಯಿತು. ಕತ್ತರಿಸಿದ ಅಂಚಿಗೆ ಹೊರಗಡೆ ಮಾತ್ರ ಸತುವಿನ ಪುಡಿ ಇರುವ ಪೇಂಟ್ ಹಚ್ಚಿದೆ. ಒಳಗೆ ರಾಗಿ ತಾಗುತ್ತದಲ್ಲ, ಅಲ್ಲಿ ಯಾವ ಬಣ್ಣವೂ ಬೇಡ ಅಂದೆ. ಒಂದೇ ತೊಂದರೆ, ರಿವೆಟ್ ಸಂದಿಯಲ್ಲಿ ರಾಗಿ ಸೋರುತ್ತದೆ. ಜೋಳ, ಭತ್ತ ಆಗಿದ್ದರೆ ನಿಲ್ಲುತ್ತಿತ್ತು, ರಾಗಿಗೆ ಕೂದಲೆಳೆ ಸಂದಿ ಸಾಕು. ಹಳೇ ಪಂಚೆಯ ಚೂರು ತುರುಕಿದ್ದೇವೆ. ಇರುವೆಗಳಿಗೆ ಇನ್ನೂ ಬೇಜಾರಾಗಿಲ್ಲ.

ತಗೊಳ್ಳೋರು ಜಿಐ ಶೀಟಿನ ಮೇಲಿನ ಸತುವಿನ ತೂಕ ಕೇಳಿ. 120, 275 ಅಂತೆಲ್ಲಾ ಹೇಳುತ್ತಾರೆ. ಒಂದು ಚದರ ಮೀಟರಿಗೆ ಎರಡೂ ಕಡೆ ಸೇರಿ ಅಷ್ಟು ಗ್ರಾಂ ಸತು ಅಂತ ಅರ್ಥ. 275 ಅಂದರೂ ಒಂದು ಕಡೆಗೆ ಬರೋದು ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ದುಡ್ಡು ಜಾಸ್ತಿ ಆದರೂ ಅದನ್ನೇ ಕೇಳಿ ಅಂತ ನನ್ನ ಮಾತು. ಇನ್ನೊಂದು, ಬಿಸಿಲಲ್ಲಿ ಒಣಗಿಸಿದ ರಾಗಿಯನ್ನು ಬಿಸಿ ಬಿಸಿ ತುಂಬಬೇಡಿ. ರಾತ್ರಿ ಆರಲು ಬಿಟ್ಟು ಬೆಳಗ್ಗೆ ತುಂಬಿ. ಇಲ್ಲದಿದ್ದರೆ ತಣ್ಣಗಿನ ತಗಡಿಗೆ ಒಳಗಡೆ ಬೆವರು ಕೂರುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೈಗೆ ಐದು, ಬಾಯಿಗೆ ಎರಡು. ಇಲಿಯಂತೂ ಇವತ್ತಿನವರೆಗೆ ಒಳಗೆ ಹೋಗಿಲ್ಲ. ಹುರುಳಿಗೆ ಇನ್ನೊಂದು ಚಿಕ್ಕದು ಬೇಕು ಅಂತ ಅವ್ವ ಸಂಕ್ರಾಂತಿಯಿಂದ ಹೇಳುತ್ತಿದ್ದಾಳೆ. ಸುಗ್ಗಿ ದುಡ್ಡು ಬಂದ ಮೇಲೆ ಹೋಗಬೇಕು, ಜೇಬಲ್ಲಿ ಒಂದು ಮೊಳೆ ಇಟ್ಟುಕೊಂಡು.