‘ರೂಮರ್ಸ್’ ಕೇಳಲು ಯಾವುದು ಸರಿ: ಎಲ್‌ಪಿಯಾ, ಸಿಡಿಯಾ, ಸ್ಟ್ರೀಮಿಂಗಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಲ್‌ಪಿಗೆ, ಅಂದರೆ ಎರಡೂ ಬದಿ ಹಾಡಿರುವ, ಮುಳ್ಳಿಟ್ಟು ಕೇಳುವ ಹಳೇ ಪ್ಲೇಟಿಗೆ. ಯಾವುದರ ಸೌಂಡ್ ಚೆನ್ನ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ನನಗೆ ಬೇಕಾಗಿದ್ದು ಹಾಡುಗಳ ಸರದಿ. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ 1977ರ ‘ರೂಮರ್ಸ್’ ಆಲ್ಬಮ್ಮನ್ನು ಮೊದಲು ಆ್ಯಪ್‌ನಲ್ಲಿ ಕೇಳುತ್ತಿದ್ದೆ, ಆಮೇಲೆ 2004ರ ಸಿಡಿ ಕೊಂಡೆ, ಕೊನೆಗೆ ಎಲ್‌ಪಿ ಬಂತು. ಹೆಚ್ಚುಕಮ್ಮಿ ಅವೇ ಹಾಡುಗಳು. ಆದರೆ ಕೇಳಿ ಎದ್ದಾಗ ಮನಸ್ಸು ಒಂದೊಂದರಲ್ಲಿ ಒಂದೊಂದು ಥರ.

ಈ ಆಲ್ಬಮ್ಮೇ ಯಾಕೆ ಅಂದರೆ, ಇದರಲ್ಲಿ ಸರದಿ ತಪ್ಪಿದರೆ ಕಥೆಯೇ ತಪ್ಪುತ್ತದೆ. ರೆಕಾರ್ಡಿಂಗ್ ನಡೆಯುವ ಹೊತ್ತಿಗೆ ಬ್ಯಾಂಡಿನೊಳಗಿನ ಜೋಡಿ ಸ್ಟೀವಿ ನಿಕ್ಸ್ ಮತ್ತು ಲಿಂಡ್ಸೆ ಬಕಿಂಗ್‌ಹ್ಯಾಮ್ ಬೇರೆಯಾಗುತ್ತಿದ್ದರು. ಬ್ಯಾಂಡಿನದೇ ಕ್ರಿಸ್ಟೀನ್ ಮತ್ತು ಜಾನ್ ಮೆಕ್‌ವೀ ದಾಂಪತ್ಯವೂ ಮುರಿದಿತ್ತು. ಆದರೂ ಎಲ್ಲರೂ ಒಂದೇ ಸ್ಟುಡಿಯೋದಲ್ಲಿ ಕೂತು, ತಮ್ಮ ಮೇಲೇ ಬರೆದ ಹಾಡುಗಳಿಗೆ ತಾವೇ ನುಡಿಸಿದರು. ಹಾಗಾಗಿ ಯಾವ ಹಾಡಿನ ಹಿಂದೆ ಯಾವುದು ಬರುತ್ತದೆ ಅನ್ನುವುದು, ಯಾರ ಮಾತಿಗೆ ಯಾರು ಉತ್ತರ ಕೊಟ್ಟರು ಅನ್ನುವಷ್ಟೇ ಮುಖ್ಯ.

ಎಲ್‌ಪಿಯ ಮೊದಲ ಸೈಡಿನಲ್ಲಿ ಐದನೆಯದು ‘ಗೋ ಯುವರ್ ಓನ್ ವೇ’. ಬಕಿಂಗ್‌ಹ್ಯಾಮ್ ತನ್ನ ಸಿಟ್ಟನ್ನೆಲ್ಲ ಗಿಟಾರಿನ ಮೇಲೆ ಸುರಿಯುತ್ತಾನೆ. ಅದರ ಬೆನ್ನಿಗೇ ‘ಸಾಂಗ್‌ಬರ್ಡ್’. ಡ್ರಮ್ಸ್ ಇಲ್ಲ, ಬಾಸ್ ಗಿಟಾರ್ ಇಲ್ಲ. ಖಾಲಿ ಸಭಾಂಗಣದಲ್ಲಿ ಪಿಯಾನೋ ಮುಂದೆ ಕೂತು ಕ್ರಿಸ್ಟೀನ್ ಒಬ್ಬಳೇ ಹಾಡಿದ ಹಾಡು. ಹಿಂದಿನ ಸಿಟ್ಟೆಲ್ಲ ಇಳಿದು ಹೋಗುತ್ತದೆ. ಅಲ್ಲಿಗೆ ಸೈಡ್ ಮುಗಿಯಿತು. ಮುಳ್ಳು ಒಳಗಿನ ಖಾಲಿ ಗೆರೆಗೆ ಬಂದು ಸರಸರ ಅನ್ನುತ್ತದೆ. ಎದ್ದು ಹೋಗಬೇಕು, ಪ್ಲೇಟ್ ತಿರುಗಿಸಬೇಕು, ಮತ್ತೆ ಮುಳ್ಳು ಇಡಬೇಕು. ಆ ಸದ್ದಿಲ್ಲದ ಹೊತ್ತಿನಲ್ಲಿ ‘ಸಾಂಗ್‌ಬರ್ಡ್’ ಇನ್ನೂ ಒಳಗೆ ಓಡುತ್ತಿರುತ್ತದೆ. ಆಮೇಲೆ ‘ದಿ ಚೈನ್’ನ ಡ್ರಮ್ ಏಟು ಶುರು. ಸಮಾಧಾನ ಆಯಿತು ಅಂದುಕೊಂಡಿದ್ದು ಸುಳ್ಳು ಅಂತ ಆಗ ಗೊತ್ತಾಗುತ್ತದೆ.

ಮೆತ್ತಗಿನ ಹಾಡನ್ನು ಸೈಡಿನ ಕೊನೆಗೆ ಇಡುವುದು ಆ ಕಾಲದ ರೂಢಿ. ಅದಕ್ಕೆ ಪ್ಲೇಟಿನಲ್ಲೇ ಒಂದು ಕಾರಣವಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆ ಲೆಕ್ಕ ಬದಲಾಗುವುದಿಲ್ಲ. ಆದರೆ ಒಳಗೆ ಹೋದಷ್ಟೂ ಸುತ್ತು ಚಿಕ್ಕದು. ಅಷ್ಟೇ ಸಮಯದ ಹಾಡು ಕಡಿಮೆ ಉದ್ದದ ಗೆರೆಯಲ್ಲಿ ಹಿಡಿಯಬೇಕು. ಜೋರಾದ, ಚುರುಕಾದ ಶಬ್ದ ಅಲ್ಲಿ ಮಂಕಾಗುತ್ತದೆ, ಸೀಳುತ್ತದೆ. ಹಾಗಾಗಿ ಅಬ್ಬರದ ಹಾಡು ಸೈಡಿನ ಶುರುವಿಗೆ, ಮೆಲುದನಿಯದು ಕೊನೆಗೆ. ಪ್ಲೇಟಿನ ಆ ಮಿತಿಯಿಂದಲೇ ಕೇಳುವವರ ಮನಸ್ಸಿಗೂ ಒಂದು ಏರಿಳಿತ ಸಿಕ್ಕಿತು. ನನಗೆ ಇದು ಇವತ್ತಿಗೂ ಬೆರಗು.

ಇನ್ನು ಸಿಡಿ. ನನ್ನ ತಕರಾರೆಲ್ಲ ಇರುವುದು ಇಲ್ಲೇ. 2004ರ ಸಿಡಿಯಲ್ಲಿ ‘ಸಾಂಗ್‌ಬರ್ಡ್’ ಮತ್ತು ‘ದಿ ಚೈನ್’ ನಡುವೆ ‘ಸಿಲ್ವರ್ ಸ್ಪ್ರಿಂಗ್ಸ್’ ಹಾಡನ್ನು ಸೇರಿಸಿದ್ದಾರೆ. ಮೂಲ ಎಲ್‌ಪಿಯಲ್ಲಿ ಇದು ಇರಲಿಲ್ಲ. ಉದ್ದ ಜಾಸ್ತಿಯಾಯಿತು ಅಂತ ಕೈಬಿಟ್ಟು, ನಿಕ್ಸ್‌ಳದೇ ಇನ್ನೊಂದು ಚಿಕ್ಕ ಹಾಡನ್ನು ಹಾಕಿದ್ದರು. ‘ಸಿಲ್ವರ್ ಸ್ಪ್ರಿಂಗ್ಸ್’ ಸಿಂಗಲ್ಲಿನ, ಅಂದರೆ ಬದಿಗೊಂದು ಹಾಡಿನ ಚಿಕ್ಕ ಪ್ಲೇಟಿನ, ಹಿಂಬದಿಗೆ ಹೋಯಿತು. ಮುಂಬದಿಯಲ್ಲಿ ಇದ್ದದ್ದು ಅದೇ ‘ಗೋ ಯುವರ್ ಓನ್ ವೇ’. ಬಕಿಂಗ್‌ಹ್ಯಾಮ್ ನಿಕ್ಸ್ ಮೇಲೆ ಬರೆದ ಹಾಡು ಒಂದು ಬದಿ, ಅವಳು ಅವನ ಮೇಲೆ ಬರೆದದ್ದು ಇನ್ನೊಂದು ಬದಿ.

ಹಾಡು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಮೆತ್ತಗೆ ಶುರುವಾಗಿ, ಕೊನೆಯಲ್ಲಿ ನಿಕ್ಸ್ ಗಂಟಲು ಬಿರಿಯುವ ಹಾಗೆ ಹಾಡುತ್ತಾಳೆ. ಆದರೆ ಅದು ಬಂದು ಕೂತ ಜಾಗ ನೋಡಿ. ಮನೆಯಲ್ಲಿ ಜಗಳ ಮುಗಿದು, ದೀಪ ಆರಿಸಿ ಎಲ್ಲರೂ ಮಲಗಿದ ಮೇಲೆ ಒಬ್ಬರು ಎದ್ದು ಬಂದು ಹಳೇ ಮಾತು ತೆಗೆದ ಹಾಗಿದೆ. ‘ಸಾಂಗ್‌ಬರ್ಡ್’ ತಂದ ಶಾಂತಿ ನಿಲ್ಲುವುದೇ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ‘ದಿ ಚೈನ್’ಗೆ. ಬ್ಯಾಂಡಿನ ಐದೂ ಜನರ ಹೆಸರಿನಲ್ಲಿ ಬಂದ, ಬಿಟ್ಟರೂ ಬಿಡಲಾರದ ನಂಟಿನ ಹಾಡು ಅದು. ಎಲ್‌ಪಿಯಲ್ಲಿ ಅದು ಮೌನದಿಂದ ಏಳುತ್ತದೆ. ಈ ಸಿಡಿಯಲ್ಲಿ ನಿಕ್ಸ್ ಆಗಲೇ ಎಲ್ಲ ಅತ್ತು ಮುಗಿಸಿರುತ್ತಾಳೆ. ಮೂರನೇ ನಿಮಿಷದ ಆಸುಪಾಸಿನಲ್ಲಿ ಬರುವ ಆ ಬಾಸ್ ಕೂಡ ನನ್ನನ್ನು ಮೊದಲಿನ ಹಾಗೆ ಅಲುಗಾಡಿಸುವುದಿಲ್ಲ.

ರಿಮೋಟ್ ಒತ್ತಿ ಮುಂದೆ ಹೋದರಾಯಿತು, ಎಲ್‌ಪಿಗೂ ಎದ್ದು ಹೋಗಲೇಬೇಕಲ್ವಾ ಅಂತ ಕೇಳಬಹುದು. ಎಲ್‌ಪಿಯಲ್ಲಿ ಏಳುವುದು ಹಾಡು ಪೂರ್ತಿ ಮುಗಿದ ಮೇಲೆ. ರಿಮೋಟ್ ಹಿಡಿದರೆ ‘ಸಾಂಗ್‌ಬರ್ಡ್’ನ ಕೊನೆಯ ಸಾಲಿನಲ್ಲೇ ಬೆರಳು ಬಟನ್ ಹುಡುಕುತ್ತಿರುತ್ತದೆ. ಕಿವಿ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಸರದಿ ಬದಲಾಗದ ಸಿಡಿಯಲ್ಲೂ ಸೈಡುಗಳ ನಡುವಿನ ಮೌನ ಹೋಗುತ್ತದೆ. ಬೀಟಲ್ಸ್‌ನ 1969ರ ‘ಅಬ್ಬೆ ರೋಡ್’ ನೋಡಿ. ಮೊದಲ ಸೈಡಿನ ಕೊನೆಯ ಹಾಡು ಭಾರವಾಗುತ್ತಾ, ಭಾರವಾಗುತ್ತಾ, ಕತ್ತರಿ ಹಾಕಿದ ಹಾಗೆ ನಿಲ್ಲುತ್ತದೆ. ಎಲ್‌ಪಿಯಲ್ಲಿ ಆಮೇಲೆ ನೀವು ಏಳುವವರೆಗೂ ಕತ್ತಲೆ. ಸಿಡಿಯಲ್ಲಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ‘ಹಿಯರ್ ಕಮ್ಸ್ ದ ಸನ್’ ಬಂದುಬಿಡುತ್ತದೆ.

ಒಂದು ಕಡೆ ಮಾತ್ರ ಸಿಡಿ ಗೆಲ್ಲುತ್ತದೆ. ಸಿಡಿ ಕಾಲದ ಉದ್ದ ಆಲ್ಬಮ್‌ಗಳು ಎಲ್‌ಪಿಯಲ್ಲಿ ತುಂಡು ತುಂಡಾಗುತ್ತವೆ. ರೇಡಿಯೋಹೆಡ್‌ನ 1997ರ ‘ಓಕೆ ಕಂಪ್ಯೂಟರ್’ನ 12 ಹಾಡುಗಳಿಗೆ ನಾಲ್ಕು ಸೈಡ್. ಮೂರು ಹಾಡಿಗೊಮ್ಮೆ ಏಳಬೇಕು. ಅಂಥದಕ್ಕೆ ಕಣ್ಣು ಮುಚ್ಚಿ ಸಿಡಿ ತಗೊಳ್ಳಿ.

ಸ್ಟ್ರೀಮಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2021ರಲ್ಲಿ ಗಾಯಕಿ ಅಡೆಲ್ ತನ್ನ ‘30’ ಆಲ್ಬಮ್ ಬಂದಾಗ ಕೇಳಿಕೊಂಡಿದ್ದಕ್ಕೆ ಸ್ಪಾಟಿಫೈ ಆ್ಯಪ್ ಆಲ್ಬಮ್ ಪುಟದ ಮುಖ್ಯ ಬಟನ್ನಿನಿಂದ ಶಫಲ್, ಅಂದರೆ ಹಾಡುಗಳ ಸರದಿ ಕಲಸುವುದನ್ನು, ತೆಗೆಯಿತು. ಒಳ್ಳೆಯ ಕೆಲಸ. ಆದರೆ ಆಲ್ಬಮ್ ಮುಗಿದ ಮೇಲೂ ಹಾಡು ನಿಲ್ಲದಿರುವುದು ನನಗೆ ಹಿಂಸೆ. ಹೆಚ್ಚುವರಿ ಹಾಡುಗಳ ಡಿಲಕ್ಸ್ ಆವೃತ್ತಿಯಾದರೆ ‘ರೂಮರ್ಸ್’ನ ಕೊನೆಯ ಹಾಡು ‘ಗೋಲ್ಡ್ ಡಸ್ಟ್ ವುಮನ್’ನ ಆ ಕೊನೆಯ ನರಳಾಟದ ಹಿಂದೆಯೇ ಇನ್ನಷ್ಟು ಹಾಡುಗಳು ಸಾಲಾಗಿ ಬರುತ್ತವೆ. ಅವೂ ಮುಗಿದರೆ ಆ್ಯಪ್ ತಾನೇ ಇನ್ನೇನೋ ಹಾಕುತ್ತದೆ. ಶಫಲ್, ತಾನೇ ಹಾಡು ಹಾಕುವ ಆಟೋಪ್ಲೇ, ಒಂದು ಹಾಡಿನ ಕೊನೆಗೆ ಇನ್ನೊಂದರ ಶುರು ಬೆರೆಸುವ ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ, ಡಿಲಕ್ಸ್ ಬಿಟ್ಟು ಮೂಲ ಆವೃತ್ತಿ ಹುಡುಕಿದರೆ ಕೇಳಬಹುದು.

ನಾನು ರಾತ್ರಿ ಊಟ ಆದ ಮೇಲೆ ಒಂದೇ ಕೂತಿಗೆ ಆಲ್ಬಮ್ ಕೇಳುವವನು. ‘ರೂಮರ್ಸ್’ ಸುಮಾರು 40 ನಿಮಿಷ, ಅದಕ್ಕೆ ಎಲ್‌ಪಿ ಹೇಳಿ ಮಾಡಿಸಿದ್ದು. ದುಬಾರಿ, ನಿಜ. ಅದಕ್ಕೇ ಎರಡು ಸೈಡಿನ ಲೆಕ್ಕದಲ್ಲಿ ಕಟ್ಟಿದ ಆಲ್ಬಮ್‌ಗಳನ್ನು ಮಾತ್ರ ಕೊಳ್ಳುತ್ತೇನೆ, ಉಳಿದದ್ದಕ್ಕೆ ಆ್ಯಪ್ ಸಾಕು. ಓಡಾಡುತ್ತಾ ಕೇಳುವವರಿಗೆ ಎಲ್‌ಪಿ ಸುಮ್ನೆ ಖರ್ಚು. ಸಿಡಿಯೇ ಬೇಕು ಅನ್ನುವವರು ಹಿಂಬದಿಯ ಪಟ್ಟಿ ನೋಡಿ ಕೊಳ್ಳಿ: ಏಳನೆಯದು ‘ದಿ ಚೈನ್’ ಆಗಿರಬೇಕು. 2004ರದ್ದು ಆಗಲೇ ಮನೆಯಲ್ಲಿದ್ದರೆ, ಪ್ಲೇಯರಿನ ಪ್ರೋಗ್ರಾಮ್ ಬಟನ್ನಿನಲ್ಲಿ ಏಳನೆಯದನ್ನು ಬಿಟ್ಟು ಕೇಳಿ. ‘ಸಿಲ್ವರ್ ಸ್ಪ್ರಿಂಗ್ಸ್’ ಹಾಡನ್ನು ಬೇರೆ ದಿನ, ಅದೊಂದನ್ನೇ, ವಾಲ್ಯೂಮ್ ಏರಿಸಿ ಕೇಳಿ.