ಚೇಂಬರ್ ಇಳಿಸಿ ನೋಡಿದ ಮೇಲೆಯೇ ಮಾತು: ಹಾಸನದ ಒಂದು ಸಣ್ಣ ಗ್ಯಾರೇಜು

ಹಾಸನದ ಬೈಪಾಸ್ ಬದಿಯಲ್ಲಿ ಎರಡು ಕಾರು ನಿಲ್ಲುವಷ್ಟೇ ಜಾಗವಿರುವ ಈ ಗ್ಯಾರೇಜಿಗೆ ನಾನು ಹೋದದ್ದು, ಬೇರೊಂದು ಕಡೆ ‘ಇಂಜಿನ್ ಬದಲಿಸದೆ ದಾರಿಯಿಲ್ಲ’ ಎನ್ನಿಸಿಕೊಂಡು, 85,000 ರೂಪಾಯಿಯ ಅಂದಾಜು ಚೀಟಿ ಕೈಗೆ ಬಂದ ಮೇಲೆ. ನನ್ನದು 2012ರ ವ್ಯಾಗನ್ ಆರ್. 998 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಓಡಿರುವುದು 1,18,000 ಕಿಲೋಮೀಟರ್. ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಇಂಜಿನ್ನಿನ ತಳದಿಂದ ಸುತ್ತಿಗೆಯಲ್ಲಿ ಬಡಿದಂತಹ ಶಬ್ದ ಶುರುವಾಯಿತು. ಸಕಲೇಶಪುರದಲ್ಲಿ ನಿಲ್ಲಿಸಿದಾಗ ಆಯಿಲ್‌ನ ಕೆಂಪು ದೀಪ ಮಿನುಗುತ್ತಿತ್ತು, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ತುದಿಗೆ ಮಾತ್ರ ಆಯಿಲ್ ಅಂಟಿತ್ತು. ತಪ್ಪು ಇಂಜಿನ್ನಿನದಲ್ಲ, ಸೋರಿಕೆಯಿದೆಯೆಂದು ಗೊತ್ತಿದ್ದೂ ಎರಡು ತಿಂಗಳು ಮಟ್ಟ ನೋಡದೆ ಓಡಿಸಿದವನು ನಾನೇ. ಅಲ್ಲಿಂದ ಮುಂದೆ ಗಾಡಿಯನ್ನು ಎಳೆಸಿಕೊಂಡೇ ಬಂದೆ.

ಮೊದಲು ಹೋದ ಕಡೆ ಬಾನೆಟ್ ಎತ್ತಿ, ಒಮ್ಮೆ ಸ್ಟಾರ್ಟ್ ಮಾಡಿ, ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟಿದ್ದರು. ಇಲ್ಲಿನ ಮೇಸ್ತ್ರಿ ಹೇಳಿದ್ದು ಇಷ್ಟು: “ಸಾರ್, ಬಿಚ್ಚಿ ನೋಡ್ದೆ ಇಂಜಿನ್ ಹೋಯ್ತು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.” ಅವರು ಆಯಿಲ್ಲನ್ನು ಮಟ್ಟಕ್ಕೆ ತುಂಬಿ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಅದರ ತುದಿಯನ್ನು ಮೊದಲು ಮೇಲಿನ ವಾಲ್ವ್ ಕವರಿಗೆ, ಆಮೇಲೆ ಬ್ಲಾಕಿನ ಕೆಳಭಾಗಕ್ಕೆ ಇಟ್ಟು ಆಲಿಸಿದರು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಟಿಕ್ ಟಿಕ್ ನಿಧಾನವಾಗಿ ಮೇಲಿನಿಂದ ಕೇಳುತ್ತದೆ. ಸವೆದ ಪಿಸ್ಟನ್ನಿನ ಬಡಿತವಾದರೆ ಇಂಜಿನ್ ಬಿಸಿಯಾದಂತೆ ಪಿಸ್ಟನ್ ಹಿಗ್ಗಿ ಕಡಿಮೆಯಾಗುತ್ತದೆ. ಬಿಸಿಯಾಗಿ ಆಯಿಲ್ ತೆಳುವಾದಷ್ಟೂ ಜೋರಾಗುವ ಬಡಿತಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗನ್ನೇ ಮೊದಲು ಅನುಮಾನಿಸಬೇಕು ಎಂದು ಅವರು ಕೆಲಸ ಮಾಡುತ್ತಲೇ ವಿವರಿಸಿದರು. ಆಮೇಲೆ ಸಿಲಿಂಡರಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರನ್ನು ಒಂದೊಂದಾಗಿ ತೆಗೆಯುತ್ತಾ ಬಂದಾಗ, ಎರಡನೆಯ ಸಿಲಿಂಡರಿನ ಸರದಿಯಲ್ಲಿ ಶಬ್ದ ಥಟ್ಟನೆ ಮೆತ್ತಗಾಯಿತು. ಉರಿಯುವ ಒತ್ತಡ ಇಲ್ಲದಿದ್ದರೆ ರಾಡಿನ ಮೇಲಿನ ಹೊಡೆತವೂ ಇಳಿಯುತ್ತದೆಂಬುದು ಇದರ ಹಿಂದಿನ ಲೆಕ್ಕ. ಆಯಿಲ್ ಸ್ವಿಚ್ಚಿನ ಜಾಗಕ್ಕೆ ಗೇಜ್ ಹಾಕಿ ನೋಡಿದರೆ ಬಿಸಿ ಇಂಜಿನ್ನಿನ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಆಯಿಲ್ ಒತ್ತಡ ಕೇವಲ 5 ಪಿಎಸ್‌ಐ ಇತ್ತು.

ಮರುದಿನ ಚೇಂಬರ್ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಇಳಿಸುವಾಗ ನನ್ನನ್ನು ಕರೆಸಿ ಎದುರಿಗೇ ಬಿಚ್ಚಿದರು. ತಳದಲ್ಲಿ ಉಳಿದ ಆಯಿಲ್ಲನ್ನು ಬಿಳಿ ಬಟ್ಟೆಗೆ ಸುರಿದು ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿಂಚಿತು. ಎರಡನೆಯ ರಾಡಿನ ಬೇರಿಂಗಿನಲ್ಲಿ ಉದ್ದಕ್ಕೂ ಗೀರು ಬಿದ್ದು, ಒಂದು ಅಂಚಿನಲ್ಲಿ ಪದರ ಸಿಪ್ಪೆಯಂತೆ ಎದ್ದಿತ್ತು. ಆದರೆ ಇಂಜಿನ್ನಿನ ಹಣೆಬರಹ ತೀರ್ಮಾನವಾಗುವುದು ಬೇರಿಂಗಿನಲ್ಲಲ್ಲ, ಅದು ಕೂರುವ ಕ್ರ್ಯಾಂಕ್ ಪಿನ್ನಿನಲ್ಲಿ. ಮೇಸ್ತ್ರಿ ಪಿನ್ನನ್ನು ಒರೆಸಿ ಅದರ ಮೇಲೆ ಉಗುರು ಎಳೆದರು, ನನ್ನ ಕೈಯಿಂದಲೂ ಎಳೆಸಿದರು. ಎಲ್ಲಿಯೂ ಉಗುರು ಸಿಕ್ಕಿಕೊಳ್ಳಲಿಲ್ಲ. ಮೈಕ್ರೋಮೀಟರಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಅಳೆದಾಗಲೂ ಪಿನ್ನು ದುಂಡಗೇ ಇತ್ತು. ಹೊಸ ಬೇರಿಂಗ್ ಕೂರಿಸಿದ ಮೇಲೆ ಮೇಣದೆಳೆಯಂತಹ ತೆಳು ಪ್ಲಾಸ್ಟಿಕ್ ದಾರವನ್ನು ನಡುವೆ ಇಟ್ಟು ಬಿಗಿದು, ಮತ್ತೆ ಬಿಚ್ಚಿ, ಅದು ಎಷ್ಟು ಚಪ್ಪಟೆಯಾಗಿದೆ ಎಂಬುದರಿಂದ ಗ್ಯಾಪನ್ನು ಖಚಿತಪಡಿಸಿಕೊಂಡರು. ಇಷ್ಟು ತಾಳ್ಮೆಯ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಿನ್ನಿನಲ್ಲಿ ಗೀರು ಸಿಕ್ಕಿದ್ದರೆ ಇಂಜಿನ್ ಕೆಳಗಿಳಿಸಿ ಕ್ರ್ಯಾಂಕನ್ನು ಲೇತಿಗೆ ಕಳಿಸಬೇಕಾಗುತ್ತಿತ್ತು. ಸಿಲಿಂಡರಿನ ಒಳಗೋಡೆಯಾದ ಬೋರೂ ಸವೆದಿದ್ದರೆ ಖರ್ಚು ಏರಿ ಬದಲಿ ಇಂಜಿನ್ನೇ ಲೇಸೆಂದು ತಾವೇ ಹೇಳುತ್ತಿದ್ದುದಾಗಿ ಮೇಸ್ತ್ರಿ ಸ್ಪಷ್ಟಪಡಿಸಿದರು. ಅದಕ್ಕಾಗಿಯೇ ಚೇಂಬರ್ ಇಳಿಸುವ ಮೊದಲು ಮೂರೂ ಸಿಲಿಂಡರಿನ ಕಂಪ್ರೆಷನ್ ನೋಡಿದ್ದರು, ಅದು ಸಮನಾಗಿತ್ತು. ಬೆಂಗಳೂರಿನಿಂದ ಹಳೆಯ ಇಂಜಿನ್ ತರಿಸುವ ಯೋಚನೆಯೂ ನನಗಿತ್ತು. ಆದರೆ ಕಳಚಿಟ್ಟ ಇಂಜಿನ್ ಹಿಂದೆ ಹೇಗೆ ಓಡಿತ್ತೆಂದು ಹೇಳುವವರಿಲ್ಲ, ಅದರ ಕಾಗದಪತ್ರ ಸರಿಯಿರಬೇಕು, ಇಂಜಿನ್ ನಂಬರ್ ಬದಲಾದುದನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ದಾಖಲಿಸಬೇಕು. ಗಾಡಿಯ ಮಾರಾಟದ ಬೆಲೆಯೇ ಎರಡು ಲಕ್ಷ ದಾಟದಿರುವಾಗ ಹೊಸ ಇಂಜಿನ್ನಿಗೆ 85,000 ಸುರಿಯುವುದು ನನಗಂತೂ ಒಪ್ಪಲಿಲ್ಲ.

ಮೂರೂ ರಾಡಿನ ಬೇರಿಂಗ್, ಹೊಸ ಬೋಲ್ಟು, ಸೋರುತ್ತಿದ್ದ ಸೀಲು, ಸ್ಟ್ರೇನರ್ ಶುಚಿ, ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 14,600 ರೂಪಾಯಿ ಆಯಿತು. ಹಳೆಯ ಬೇರಿಂಗುಗಳನ್ನು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಕೊರತೆಗಳೂ ಇವೆ: ಎರಡು ದಿನವೆಂದದ್ದು ನಾಲ್ಕಾಯಿತು, ಫೋನ್ ಎತ್ತುವುದು ಅಪರೂಪ, ಖರ್ಚಿನ ಅಂದಾಜನ್ನು ಬರೆದು ಕೊಡುವುದಿಲ್ಲ. ಇಷ್ಟು ಚೊಕ್ಕ ಕೆಲಸ ಮಾಡುವವರು ಒಂದು ಚೀಟಿ ಬರೆದುಕೊಡುವುದನ್ನೂ ರೂಢಿಸಿಕೊಳ್ಳಬೇಕು.

500 ಕಿಲೋಮೀಟರಿಗೆ ಆಯಿಲ್ ಇಳಿಸಿ ತೋರಿಸಲು ಹೇಳಿದ್ದರು. ಬೇರಿಂಗಿನ ಪದರದ ಪುಡಿ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಈ ಸಲವೂ ಬಿಳಿ ಬಟ್ಟೆಗೆ ಸುರಿದು ಬಿಸಿಲಿಗೆ ಹಿಡಿದೇ ನೋಡಿದರು, ಮಿಂಚು ಕಾಣಲಿಲ್ಲ. ಗೇಜಿನಲ್ಲಿ ಐಡಲ್ ಒತ್ತಡ 20 ಪಿಎಸ್‌ಐ ಇತ್ತು. ಆಮೇಲೆ ಶಿರಾಡಿಯನ್ನು ಎರಡು ಬಾರಿ ಹತ್ತಿದ್ದೇನೆ, ಎರಡೂ ಸಲ ಘಾಟಿಯ ಬುಡದ ಗುಂಡ್ಯದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದ ಮೇಲೆ.